ಹೂತ್ ತಿಂಗಳ ಬಗ್ಗೆ ನೀನು ಕೇಳಿದ್ದು

ನನ್ನ ಪರಸ್ತೂ ಜಾನ್,

ಹ್ಯಾಂಬರ್ಗ್ ತಲುಪಿದ ಮರುದಿನವೇ ನೀನು ಫೋನಿನಲ್ಲಿ ಕೇಳಿದೆ: "ಖಾಲಾ, ನಾನು ಮಾಡಿದ ತಪ್ಪೇನು ಅಂತ ಪೂರ್ತಿ ಬಿಡಿಸಿ ಹೇಳಿ. ಪುಸ್ತಕದ ಹಿಂದಿನ ಪುಟಗಳಲ್ಲಿ ಹುಡುಕಿದೆ, ಸಿಗಲಿಲ್ಲ." ನಾನು ಎಂದಿನಂತೆ ನಕ್ಕುಬಿಟ್ಟೆ. "ಹೋಗಲಿ ಬಿಡು, ಅಮ್ಮನಿಗೆ ಸಲಾಂ ಹೇಳು" ಎಂದು ಮಾತು ಮುಗಿಸಿದೆ. ಫೋನಿಟ್ಟ ಮೇಲೆ ಅಂಗಳದ ನಲ್ಲಿಗೆ ಹೋಗಿ ಮುಖ ತೊಳೆದುಕೊಂಡೆ. ಈ ವಯಸ್ಸಿನಲ್ಲೂ ನಾಚಿಕೆಗೆ ಕೆನ್ನೆ ಹೀಗೆ ಸುಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಅದಕ್ಕೇ ಈ ಕಾಗದ. ಫೋನಿನಲ್ಲಾದರೆ ನಾನು ಏನಾದರೊಂದು ತಮಾಷೆ ಮಾಡಿ ನುಣುಚಿಕೊಳ್ಳುತ್ತೇನೆ, ನಿನಗೂ ಗೊತ್ತು. ನಮ್ಮ ಅಕ್ಷರ ಓದಲು ತಡವರಿಸಿದರೆ ನಿನ್ನ ಅಮ್ಮನ ಹತ್ತಿರ ಓದಿಸಿಕೋ. ಅವಳು ನನ್ನ ಅಕ್ಕ; ಇದರಲ್ಲಿ ಅರ್ಧ ಅವಳಿಗೂ ಗೊತ್ತಿರುವುದೇ, ನಿನಗೆ ಹೇಳದೆ ಇಟ್ಟುಕೊಂಡಿರುವುದು. ಉಳಿದರ್ಧ ಅವಳಿಗೂ ಹೊಸದು.

ನೀನು ಈ ಬೇಸಿಗೆಯಲ್ಲಿ ಹೆರಾತಿಗೆ ಬಂದಾಗ ಸೂಟ್‌ಕೇಸಿನ ತುಂಬ ಚಾಕಲೇಟು, ಕಂಕುಳಲ್ಲಿ ಆ ದಪ್ಪ ಜರ್ಮನ್ ಪುಸ್ತಕ. ಸಂಜೆ ನಾವು ಮೂವರೂ ಮಾಳಿಗೆಯ ಮೇಲೆ ಕೂರುತ್ತಿದ್ದೆವು. ಗಾಳಿಗೆ ಪುಟ ಹಾರದಂತೆ ನನ್ನ ಮಗಳು ಮಾಹ್ತಾಬ್ ಒಂದು ಅಂಚು ಹಿಡಿದುಕೊಳ್ಳುತ್ತಿದ್ದಳು, ನೀನು ಓದಿ ಓದಿ ನಿನ್ನ ಕುಂಟು ದರಿ ಭಾಷೆಯಲ್ಲಿ ನಮಗೆ ಹೇಳುತ್ತಿದ್ದೆ. ಆಫ್ಘನ್ನರ ಬದುಕಿನ ಬಗ್ಗೆ ಬರೆದ ಆ ಮಹಾನುಭಾವ ಕೊನೆಯ ಪುಟಗಳಲ್ಲಿ ಕಷ್ಟದ ಪದಗಳಿಗೆ ಅರ್ಥ ಕೊಟ್ಟಿದ್ದ. ಸಂದಲಿ ಎಂದರೆ ಕುರ್ಚಿ ಎಂದು ಬರೆದಿದ್ದ. ಕೆಂಡದ ಬಾನಿಯ ಮೇಲೆ ಗಿಡ್ಡ ಮೇಜಿಟ್ಟು ರಜಾಯಿ ಹೊದಿಸಿದರೆ ಅದು ನಮ್ಮ ಸಂದಲಿ. ಅವನ ಪುಸ್ತಕದಲ್ಲಿ ಮಾತ್ರ ಚಳಿಗಾಲ ಬಂದರೆ ಇಡೀ ಸಂಸಾರ ಒಂದು ಕುರ್ಚಿಯ ಕೆಳಗೆ ಕಾಲು ತೂರಿಸಿ ಮಲಗುತ್ತಿತ್ತು. ಮಾಹ್ತಾಬ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಅಜ್ಜಿ ಎಲ್ಲಿ ಮಲಗ್ತಿದ್ಲು, ಕುರ್ಚಿ ಕಾಲಿಗಾ?" ಅಂದಳು. ನೀನು ಪೆನ್ಸಿಲ್ ತೆಗೆದು ತಿದ್ದಿಕೊಂಡೆ.

ನನಗೂ ಜಂಬ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಗಂಡ ತೀರಿದ ಮೇಲೆ ಅಣ್ಣನ ಮನೆಯಲ್ಲಿರುವ ವಿಧವೆಯನ್ನು ಯಾರು ಏನು ಕೇಳುತ್ತಾರೆ? ಉಪ್ಪು ಎಲ್ಲಿದೆ ಎಂದು ಕೇಳುತ್ತಾರೆ. ನೀನು ಮಾತ್ರ ಪ್ರತಿ ಪುಟಕ್ಕೂ ಖಾಲಾ ಖಾಲಾ ಎಂದು ಕೇಳುತ್ತಿದ್ದೆ. ಗೊತ್ತಿದ್ದಕ್ಕೆ ಉತ್ತರ ಕೊಟ್ಟೆ, ಗೊತ್ತಿಲ್ಲದ್ದಕ್ಕೂ ಕೊಟ್ಟೆ. "ಆಫ್ಘನ್ನರ ಮನೆಯಿಂದ ಅತಿಥಿ ಬರಿಗೈಯಲ್ಲಿ ಹೋಗುವುದಿಲ್ಲ ಅಂತ ಬರೆದಿದಾರೆ, ನಿಜಾನಾ ಖಾಲಾ?" ಎಂದು ಕೇಳಿದಾಗ, "ಮತ್ತೆ! ನಾವೇನು ಜರ್ಮನ್ನರಾ?" ಎಂದು ಎದೆ ಸೆಟೆಸಿದೆ. ನೀನು ಅದರ ಕೆಳಗೆ ಗೆರೆ ಎಳೆದದ್ದನ್ನು ನೋಡಿ ಖುಷಿಪಟ್ಟೆ.

ಅದಾದ ಮೇಲೆ ಒಂದು ಸಂಜೆ ನೀನು ಕೇಳಿದೆ: "ಹೂತ್ ಇಪ್ಪತ್ತನಾಲ್ಕು ಅಂದ್ರೆ ಏನು?" ಪುಸ್ತಕದಲ್ಲಿದ್ದದ್ದು ಒಂದೇ ಸಾಲು. 1979ರಲ್ಲಿ ಹೆರಾತಿನಲ್ಲಿ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ನಡೆದ ದಂಗೆ, ಸರ್ಕಾರ ಅಡಗಿಸಿತು, ಬಹಳ ಜನ ಸತ್ತರು. "ಹೂತ್ ಅನ್ನೋದು ಚಳಿಗಾಲದ ಕೊನೇ ತಿಂಗಳು. ಆವಾಗ ಏನೋ ಗಲಾಟೆ ಆಗಿತ್ತು. ನೀನು ಮುಂದೆ ಓದು" ಎಂದೆ. ಸಂದಲಿಗೆ ಅಷ್ಟೊಂದು ಮಾತಾಡಿದವಳು ಇದಕ್ಕೆ ಇಷ್ಟೇ ಹೇಳಿ, ಒಲೆಯ ಮೇಲೆ ಅನ್ನ ಇದೆ ಎಂದು ಇಳಿದುಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆ ಒಂದು ಸಾಲಿನೊಳಗೆ ನಮ್ಮ ಮನೆ ಇದೆ, ಪರಸ್ತೂ. ನಿನ್ನ ಅಜ್ಜ, ಅಂದರೆ ನನ್ನ ಅಪ್ಪ, ಅಂದು ಬೀದಿಗಿಳಿದವರಲ್ಲಿ ಒಬ್ಬರು. ದಂಗೆ ಮುರಿದ ಮೇಲೆ ಸೈನಿಕರು ಮನೆಮನೆ ಹೊಕ್ಕು ಗಂಡಸರನ್ನು ಎಳೆದೊಯ್ಯುತ್ತಿದ್ದರು. ಅಪ್ಪ ಗೋಡೆ ಹಾರಿ ಹಿಂದಿನ ಬೀದಿಯ ಬೀಬಿ ಗೌಹರ್ ಮನೆಗೆ ಓಡಿದರು. ಆಕೆ ಗೋಧಿಯ ಮಣ್ಣಿನ ಕಣಜ ತೋರಿಸಿದಳು. ಅಪ್ಪ ಒಳಗಿಳಿದು ಕೂತರು, ಆಕೆ ಮೇಲೆ ಮುಚ್ಚಳ ಎಳೆದಳು. ಸೈನಿಕರು ಬಂದು, ಗೋಡೆ ಹಾರಿದವನನ್ನು ಕೊಡಿ ಎಂದರು. ಕೊಡಲಿಲ್ಲ. ಆಗ ಬೀಬಿ ಗೌಹರಳ ಹಿರಿಯ ಮಗ ಅಯ್ಯೂಬನನ್ನು ಹಿಡಿದುಕೊಂಡು ಹೋದರು. ಇನ್ನೂ ಮೀಸೆ ಮೂಡುತ್ತಿದ್ದ ಹುಡುಗ. ಕಣಜದೊಳಗೆ ಅಪ್ಪನಿಗೆ ಎಲ್ಲವೂ ಕೇಳಿಸುತ್ತಿತ್ತು. ಅವರು ಹೊರಗೆ ಬರಲಿಲ್ಲ.

ಅಯ್ಯೂಬ್ ಮತ್ತೆ ಬರಲೇ ಇಲ್ಲ, ಹೆಣವೂ ಬರಲಿಲ್ಲ. ಹೆಣ ಬರದ ಮನೆಯಲ್ಲಿ ಫಾತಿಹಾ ಓದಿಸುವುದಿಲ್ಲ. ಓದಿಸಿದರೆ ಸತ್ತನೆಂದು ತಾಯಿಯೇ ಒಪ್ಪಿಕೊಂಡಂತೆ. ನಮ್ಮಲ್ಲಿ ದುಃಖ ಕೇಳಲು ಹೋಗುವುದು ಫಾತಿಹಾಕ್ಕೇ. ಅದಿಲ್ಲದಿದ್ದರೆ ಯಾವ ದಿನ ಹೋಗುವುದು, ಏನು ಹೇಳುವುದು? ಹಾಗಾಗಿ ನಮ್ಮ ಮನೆಯವರು ಏನೂ ಹೇಳಲಿಲ್ಲ. ಪ್ರತಿ ಈದಿಗೆ ಮೊದಲ ಮಾಂಸ ಆ ಮನೆಗೆ, ಮೊದಲ ದ್ರಾಕ್ಷಿ ಆ ಮನೆಗೆ. ಅಪ್ಪ ತಾವೇ ಒಯ್ದು ಹೊಸ್ತಿಲಲ್ಲಿಟ್ಟು, ತಲೆ ತಗ್ಗಿಸಿ ಬರುತ್ತಿದ್ದರು. ಅಪ್ಪ ಹೋದ ಮೇಲೆ ನಾನೂ ಹಫೀಜ್ ಅಣ್ಣನೂ ಅದನ್ನೇ ಮಾಡಿದೆವು. ಆ ಮನೆಯಲ್ಲಿ ಅಯ್ಯೂಬನ ಹೆಸರು ನಮ್ಮ ಬಾಯಿಂದ ಒಮ್ಮೆಯೂ ಬರಲಿಲ್ಲ. ನಮ್ಮ ಮನೆಯಲ್ಲೂ ಬರಲಿಲ್ಲ. ನಿನ್ನ ಅಮ್ಮ ಅದನ್ನು ಗಂಟು ಕಟ್ಟಿಕೊಂಡು ಜರ್ಮನಿಗೆ ಹೋದಳು.

ಈ ವರ್ಷ ಬೀಬಿ ಗೌಹರ್ ತನ್ನ ಮೊಮ್ಮಗ ನಈಮನಿಗೆ ಮಾಹ್ತಾಬಳನ್ನು ಕೇಳಿಕೊಂಡು ಬಂದಳು. ನಈಮ್ ಕೆಟ್ಟವನಲ್ಲ, ಜರಂಜಿನಲ್ಲಿ ಲಾರಿಯ ಬಿಡಿಭಾಗ ಮಾರುತ್ತಾನೆ. ಆದರೆ ಮದುವೆಯಾದರೆ ಮಾಹ್ತಾಬ್ ಟೀಚರ್ ಟ್ರೈನಿಂಗ್ ಕಾಲೇಜು ಬಿಟ್ಟು ಆ ಮರಳುಗಾಡಿಗೆ ಹೋಗಬೇಕು. ಅವಳು ನನ್ನ ಜಡೆ ಬಾಚುತ್ತಾ, "ಅಮ್ಮಾ, ನನಗೆ ಬೇಡ. ನಿಂಗೆ ಗೊತ್ತು ಅಲ್ವಾ, ನನಗೆ ಬೇಡ" ಅಂದಿದ್ದಳು. ನಾನು ಹೂಂ ಅಂದಿದ್ದೆ.

ಹೆಣ್ಣು ಕೇಳಲು ಬಂದವರಿಗೆ ಇಲ್ಲ ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚಹಾ ಕೊಡುತ್ತೇವೆ, ಹುಡುಗಿ ಇನ್ನೂ ಚಿಕ್ಕವಳು ಅನ್ನುತ್ತೇವೆ, ಬರಿಗೈಯಲ್ಲಿ ಕಳಿಸುತ್ತೇವೆ. ಆ ಬರಿಗೈಯೇ ಉತ್ತರ. ಮತ್ತೆ ಬರುತ್ತಾರೆ, ಮತ್ತೆ ಬರಿಗೈಯಲ್ಲಿ ಹೋಗುತ್ತಾರೆ, ಕೊನೆಗೆ ತಾವಾಗಿಯೇ ನಿಲ್ಲಿಸುತ್ತಾರೆ. ಯಾರ ಮುಖವೂ ಕೆಡುವುದಿಲ್ಲ. ಕೊಡುತ್ತೇವೆ ಎಂದು ಒಪ್ಪಿದ ದಿನ ಮಾತ್ರ ತಟ್ಟೆಯಲ್ಲಿ ಸಿಹಿ ಹಾಕಿ, ಮೇಲೆ ಕಸೂತಿ ಕರವಸ್ತ್ರ ಮುಚ್ಚಿ, ಹುಡುಗನ ಮನೆಯವರ ಕೈಗಿಡುತ್ತೇವೆ. ಅಲ್ಲಿಗೆ ಹುಡುಗಿ ಅವರವಳಾದಳು. ಇದನ್ನು ನಿನ್ನ ಪುಸ್ತಕದವನು ಬರೆದಿರಲಿಲ್ಲ. ನಾನೂ ನಿನಗೆ ಹೇಳಿರಲಿಲ್ಲ; ಹೇಳಬೇಕೆಂದು ಹೊಳೆಯಲೂ ಇಲ್ಲ.

ಆ ದಿನ ಬೀಬಿ ಗೌಹರ್ ಸೊಸೆಯ ಜೊತೆ ಬಂದು, ಚಹಾ ಕುಡಿದು, ಎದ್ದಳು. ಅಸರ್ ನಮಾಜಿನ ಹೊತ್ತು ಮೀರುತ್ತಿತ್ತು. "ಇವರನ್ನ ಬಾಗಿಲವರೆಗೆ ಕಳಿಸಿ ಬಾ" ಎಂದು ನಿನಗೆ ಹೇಳಿ ಒಳಗೆ ಹೋದೆ. ನೀನು ನೋಡಿದೆ, ಹಿರಿಯ ಹೆಂಗಸು, ಖಾಲಿ ಕೈ. ಮೇಜಿನ ಮೇಲೆ ನುಕಲ್, ಅದೇ ಸಕ್ಕರೆ ಲೇಪಿಸಿದ ಬಾದಾಮಿ, ತುಂಬಿದ ತಟ್ಟೆ. ಹೊರಗೆ ಧೂಳೆಬ್ಬಿಸುವ ಗಾಳಿ. ಮಾಹ್ತಾಬ್ ಕಸೂತಿ ಹಾಕಿದ್ದ ರೇಷ್ಮೆ ಕರವಸ್ತ್ರ ತೆಗೆದು, ಧೂಳು ಕೂರದಿರಲೆಂದು ಮುಚ್ಚಿ, ನೀನು ಎರಡೂ ಕೈಯಲ್ಲಿ ಕೊಟ್ಟೆ. ನಾನು ಹಣೆ ನೆಲಕ್ಕಿಟ್ಟಿದ್ದೆ. ಗೋಡೆಯಾಚೆ ಸೊಸೆ "ಮುಬಾರಕ್! ಮುಬಾರಕ್!" ಎಂದು ಕೂಗಿದ್ದು ಕೇಳಿಸಿತು. ದೇವರು ಕ್ಷಮಿಸಲಿ, ಆ ನಮಾಜಿನಲ್ಲಿ ಏನು ಹೇಳಿದೆನೋ ನನಗೆ ನೆನಪಿಲ್ಲ.

ಹೊರಗೆ ಬಂದಾಗ ನೀನು ನಗುತ್ತಾ ನಿಂತಿದ್ದೆ. "ಖಾಲಾ, ಅವರಿಗೆ ಎಷ್ಟು ಖುಷಿ ಆಯ್ತು ಗೊತ್ತಾ? ನನ್ನ ಹಣೆಗೆ ಮುತ್ತು ಕೊಟ್ರು." ಆಗ ನಾನು ಏನೆಂದೆ ಎಂದು ನಿನಗೆ ನೆನಪಿದೆ, ನನಗೂ ಇದೆ. "ಪುಸ್ತಕ ಓದ್ಕೊಂಡು ನಮ್ಮ ಮನೆ ಹಾಳು ಮಾಡೋಕೆ ಬಂದ್ಯಾ? ಅರ್ಧ ಭಾಷೆ, ಅರ್ಧ ಬುದ್ಧಿ! ನಿಮ್ಮಮ್ಮ ನಿನ್ನ ಅಲ್ಲೇ ಇಟ್ಕೋಬಾರದಿತ್ತಾ?" ನಿನ್ನ ಬಾಯಿ ಹಾಗೇ ತೆರೆದಿತ್ತು. ಏನಾಯಿತು ಎಂದು ಮಾಹ್ತಾಬ್ ನಿನಗೆ ಮೆಲ್ಲಗೆ ವಿವರಿಸಿದಳು. ತನ್ನ ತಲೆಯ ಮೇಲೆ ಬಿದ್ದದ್ದನ್ನು ತಾನೇ ವಿವರಿಸಬೇಕಾಯಿತು ಅವಳು. ನೀನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆಮೇಲಿನದು ನಿನಗೆ ಪೂರ್ತಿ ಗೊತ್ತಿಲ್ಲ. ಸಂಜೆ ಹಿಂದಿನ ಬೀದಿಯಲ್ಲಿ ಮದುವೆಯ ದಾಯಿರಾ ತಮಟೆ ಬಡಿಯುವ ಸದ್ದು ಎದ್ದಿತು. ನಿನ್ನ ಹಫೀಜ್ ಮಾಮಾ ಅಂಗಡಿಯಿಂದ ಬರುವ ದಾರಿಯಲ್ಲೇ ನಾಲ್ಕು ಜನ ಅವನನ್ನು ಅಪ್ಪಿಕೊಂಡು ಶುಭ ಹಾರೈಸಿದ್ದರು. "ಆದಿಲಾ, ನನ್ನ ಒಂದು ಮಾತು ಕೇಳದೆ ಹುಡುಗೀನ ಕೊಟ್ಟುಬಿಟ್ಯಾ?" ಎಂದು ಬಂದ. ನಡೆದದ್ದನ್ನು ಹೇಳಿದೆ. ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಆಮೇಲೆ ಅಂದ: "ಬೇರೆ ಯಾರ ಮನೆಯಾದ್ರೂ ಆಗಿದ್ರೆ ಕಾಲು ಹಿಡಿದಾದ್ರೂ ವಾಪಸ್ ತರ್ತಿದ್ದೆ. ಹೂತ್ ಇಪ್ಪತ್ತನಾಲ್ಕು ಆದ್ಮೇಲೆ ಆ ಮನೆ ಮುಂದೆ ನಿಂತು ಕೊಡಲ್ಲ ಅನ್ನೋಕೆ ನನಗೆ ಮುಖ ಇಲ್ಲ ಕಣೇ. ಅವರ ಮಗನನ್ನ ನಾವು ತಿಂದಿದೀವಿ." ಹಾಗೆಂದು ಅತ್ತ. ನನ್ನ ಅಣ್ಣ ಅಳುವುದನ್ನು ನಾನು ಅಪ್ಪ ತೀರಿದ ದಿನವೂ ನೋಡಿರಲಿಲ್ಲ.

ಅವನು ಅಳುವುದನ್ನು ನಿಲ್ಲಿಸಬೇಕಿತ್ತು ನನಗೆ. ಅಥವಾ ಹಾಗೆಂದು ನನಗೇ ಹೇಳಿಕೊಳ್ಳುತ್ತಿದ್ದೇನೆ. ನಾನು ಅಂದೆ: "ನಈಮ್ ಒಳ್ಳೆ ಹುಡುಗ. ಜರಂಜ್ ಏನು ಸಮುದ್ರದಾಚೆ ಇದೆಯಾ? ಅವಳ ಹಣೇಲಿ ಬರೆದಿತ್ತು ಅಂದ್ಕೊಳ್ಳೋಣ. ಆಗ್ಲಿ ಬಿಡಣ್ಣ." ಬೆಲೆ ಸರಿಯಿದ್ದ ಬಟ್ಟೆ ಒಪ್ಪುವಂತೆ ಒಪ್ಪಿಬಿಟ್ಟೆ. ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ಮಾಹ್ತಾಬ್ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಒಳಗೆ ಬಂದು ಮಾಮನ ಮುಂದೆ ಒಂದು ಲೋಟ, ನನ್ನ ಮುಂದೆ ಒಂದು ಲೋಟ ಇಟ್ಟು, ಸಕ್ಕರೆ ಡಬ್ಬಿ ಹತ್ತಿರ ಸರಿಸಿ, ಹೊರಗೆ ಹೋದಳು.

ಬೆಳಿಗ್ಗೆ ನೀನು ಯಾರಿಗೂ ಹೇಳದೆ ತಲೆವಸ್ತ್ರ ಸೊಟ್ಟಗೆ ಸುತ್ತಿಕೊಂಡು ಹೊರಟೆ. ಗಲ್ಲಿ ತಿರುವಿನಲ್ಲಿ ನಿನ್ನನ್ನು ನೋಡಿ, ಚಾದರ್ ಎಳೆದುಕೊಳ್ಳುತ್ತಾ ಹಿಂದೆ ಓಡಿಬಂದೆ. ಬರುವಷ್ಟರಲ್ಲಿ ನೀನು ಬೀಬಿ ಗೌಹರಳ ಎದುರು ಕೂತಾಗಿತ್ತು. ನಾನು ಹೊಸ್ತಿಲಲ್ಲೇ ಕೂತೆ. "ಬೀಬಿ ಜಾನ್, ತಟ್ಟೆ ಕೊಟ್ಟಿದ್ದು ನಾನು. ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಮಾಹ್ತಾಬ್‌ಗೆ ಇಷ್ಟ ಇಲ್ಲ. ವಾಪಸ್ ಕೊಡಿ" ಎಂದು ನೀನು ಅಂದೆ. ಪರಸ್ತೂ, ನಮ್ಮ ಊರಿನಲ್ಲಿ ಹೀಗೆ ಯಾರೂ ಮಾತಾಡುವುದಿಲ್ಲ. ಸುತ್ತಿ ಬಳಸಿ, ಆರೋಗ್ಯ ಕೇಳಿ, ಹವೆ ಕೇಳಿ, ಮೂರು ಸಲ ಎದ್ದು ಕೂತು ಹೇಳುವ ಮಾತನ್ನು ನೀನು ಒಂದೇ ಉಸಿರಿಗೆ ಹೇಳಿದೆ. ನೆಲ ಬಾಯಿಬಿಡಬಾರದೇ ಎನಿಸಿತು ನನಗೆ.

ಆಗ ನೀನು ಕೇಳಿದೆ: "ಇನ್ನೂ ಒಂದು ನನಗೆ ಗೊತ್ತಿಲ್ಲ. ಹೂತ್ ಇಪ್ಪತ್ತನಾಲ್ಕು ಅಂದ್ರೆ ಏನು? ಪುಸ್ತಕದಲ್ಲಿ ಒಂದೇ ಸಾಲಿದೆ. ಖಾಲಾ ಹೇಳಲ್ಲ. ನಿನ್ನೆ ಮಾಮಾ ಆ ದಿನದ ಹೆಸರು ಹೇಳಿ ಅತ್ತಿದ್ದು ಗೋಡೆಯಾಚೆ ಕೇಳಿಸ್ತು. ಆವತ್ತು ಏನಾಯ್ತು?"

ಆಕೆ ನಿನ್ನ ಮುಖವನ್ನೇ ನೋಡಿದಳು. ಆಮೇಲೆ ಸೊಸೆಗೆ, "ಚಹಾ ಇಡು. ದೊಡ್ಡ ಕೆಟಲ್‌ನಲ್ಲಿ ಇಡು" ಅಂದಳು. ನಿನಗೆ ಅರ್ಧ ಅರ್ಥವಾಯಿತೋ ಇಲ್ಲವೋ, ಅದಕ್ಕೇ ಇಲ್ಲಿ ಬರೆಯುತ್ತೇನೆ. "ಅಯ್ಯೂಬ್ ಅಂತ ನನ್ನ ಮಗ. ಆವಾಗಷ್ಟೇ ಸ್ನಾನ ಮಾಡಿ ಬಂದಿದ್ದ, ತಲೆ ಒದ್ದೆ. ಸೈನಿಕರು ಕೈ ಹಿಡಿದ್ರು. ಹೊರಗೆ ಆ ಚಳಿ. ತಡೀರಪ್ಪಾ, ಟೋಪಿ ಕೊಡ್ತೀನಿ, ಶೀತ ಆಗುತ್ತೆ ಅಂತ ನಾನು ಒಳಗೆ ಹೋಗಿ ಟೋಪಿ ಹುಡುಕ್ತಾ ಇದ್ದೆ ಕಣಮ್ಮ. ಮಗ ಕೊನೇ ಸಲ ಹೋಗ್ತಿದಾನೆ, ನಾನು ಪೆಟ್ಟಿಗೇಲಿ ಟೋಪಿ ಹುಡುಕ್ತಿದೀನಿ. ಸಿಕ್ಕಿ ಹೊರಗೆ ಬಂದ್ರೆ ಅಂಗಳ ಖಾಲಿ." ಅಯ್ಯೂಬ್ ದಾಳಿಂಬೆಯ ಬಿಳಿ ಸಿಪ್ಪೆಯನ್ನೂ ಬಿಡದೆ ತಿನ್ನುತ್ತಿದ್ದ, ಗಣಿತದಲ್ಲಿ ದಡ್ಡ, ಪಾರಿವಾಳ ಸಾಕಿದ್ದಕ್ಕೆ ತನ್ನಪ್ಪನ ಹತ್ತಿರ ಹೊಡೆತ ತಿಂದಿದ್ದ. ಮಧ್ಯಾಹ್ನದವರೆಗೂ ಹೇಳಿದಳು. ನೀನು ಅರ್ಥವಾಗದ್ದನ್ನೆಲ್ಲ ನಾಚಿಕೆಯಿಲ್ಲದೆ ಮತ್ತೆ ಮತ್ತೆ ಕೇಳಿದೆ. ಆಕೆ ಮತ್ತೆ ಮತ್ತೆ ಹೇಳಿದಳು. ನಡುವೆ ಒಮ್ಮೆ ಆಕೆ ನಕ್ಕಳು ಕೂಡ.

ಕೊನೆಗೆ ನನ್ನ ಕಡೆ ತಿರುಗಿದಳು. "ಆದಿಲಾ, ಒಳಗೆ ಬಾ. ನಿಮ್ಮಪ್ಪನೂ ಅಲ್ಲಿಂದಲೇ ಹೋಗ್ತಿದ್ದ. ಈ ವಂಶಕ್ಕೇ ನನ್ನ ಮನೆ ಕಂಬಳಿ ಚುಚ್ಚುತ್ತಾ? ಮಾಂಸ ತಂದ್ರಿ, ದ್ರಾಕ್ಷಿ ತಂದ್ರಿ. ನನ್ನ ಮಗ ಹೇಗಿದ್ದ ಅಂತ ಒಬ್ಬರೂ ಕೇಳ್ಲಿಲ್ಲ. ಮಾಹ್ತಾಬ್‌ನ ಕೇಳಿದ್ದು ಅವನ ಬದಲಿಗೆ ಅಂದ್ಕೊಂಡ್ರಾ? ಥೂ. ಬೀಗರಾಗಿಯಾದ್ರೂ ನಿಮ್ಮನೆಯವರು ಒಬ್ಬರು ಇಲ್ಲಿ ಕೂತು ಉಣ್ಣಲಿ, ನಾನು ಹೇಳೋದನ್ನ ಕೇಳ್ಲಿ ಅಂತ ಕೇಳಿದ್ದು." ಆಮೇಲೆ ನಿನ್ನ ಗಲ್ಲ ಹಿಡಿದು ಅಂದಳು: "ನಿನ್ನೆ ನಿನ್ನ ಮುಖ ನೋಡಿದಾಗಲೇ ಗೊತ್ತಾಯ್ತು, ಇದಕ್ಕೆ ಏನೂ ಗೊತ್ತಿಲ್ಲ ಅಂತ. ಆದ್ರೂ ತಗೊಂಡೆ. ಆಸೆ ನೋಡು. ಹೋಗು, ತಟ್ಟೆ ತಗೊಂಡು ಹೋಗು. ನುಕಲ್ ಮಾತ್ರ ಮಕ್ಕಳು ತಿಂದುಬಿಟ್ರು."

ಬೀದಿಯ ಬಾಯಿ ಮುಚ್ಚಿಸಿದ್ದೂ ಆಕೆಯೇ. ನಮ್ಮ ಮಾತು ಎಲ್ಲಿಯೂ ಬರದಂತೆ, "ಮುದುಕಿಗೆ ಮರುಳು. ಜರ್ಮನಿ ಹುಡುಗಿ ಪ್ರೀತಿಯಿಂದ ಸಿಹಿ ಕೊಟ್ರೆ ಹೆಣ್ಣೇ ಕೊಟ್ರು ಅಂತ ಕುಣಿದುಬಿಟ್ಟೆ" ಎಂದು ಮನೆಮನೆಗೂ ತಾನೇ ಹೇಳಿಕೊಂಡು ಬಂದಳು. ಹೆಂಗಸರು ಆಕೆಯನ್ನು ನೋಡಿ ನಕ್ಕರು. ನಮ್ಮ ಪಾಲಿನ ಅವಮಾನವನ್ನೂ ಆಕೆಯೇ ಹೊತ್ತಳು. ನಾವು ಅದನ್ನೂ ಕೊಟ್ಟು ಸುಮ್ಮನಿದ್ದೆವು.

ನಿನ್ನ ತಪ್ಪೇನು ಎಂದು ಕೇಳಿದೆಯಲ್ಲ, ಅದು ಇಷ್ಟೇ: ನೀನು ನನ್ನ ಮಾತನ್ನು ನಂಬಿದೆ. ಅದಕ್ಕೆ ನಿನ್ನ ಮೇಲೆ ಕೂಗಾಡಿದ ನನ್ನನ್ನು ಕ್ಷಮಿಸು ಎನ್ನಲು ನಾಲಗೆ ಏಳುವುದಿಲ್ಲ, ಆದರೂ ಕೇಳುತ್ತಿದ್ದೇನೆ. ಅರ್ಧ ಬುದ್ಧಿ ಯಾರದ್ದು ಎಂದು ಆ ಬೆಳಿಗ್ಗೆ ಹೊಸ್ತಿಲಲ್ಲಿ ಕೂತು ನೋಡಿದ್ದೇನೆ.

ನೀನು ಹೊರಟ ಮೇಲೆ ಒಂದು ದಿನ ಮಾಹ್ತಾಬಳ ಜೊತೆ ಬಟ್ಟೆ ಒಣಹಾಕುತ್ತಿದ್ದೆ. ಎಲ್ಲವೂ ಸರಿಹೋಯಿತಲ್ಲ ಎಂಬ ಧೈರ್ಯದಲ್ಲಿ, "ಸದ್ಯ, ದೇವರು ದೊಡ್ಡವನು, ಪಾರಾದೆ ನೋಡು" ಅಂದೆ. ಅವಳು ನನ್ನ ಕಡೆ ನೋಡಲಿಲ್ಲ. ಒದ್ದೆ ಬಟ್ಟೆ ಕೊಡವುತ್ತಲೇ, ಸಿಟ್ಟೂ ಇಲ್ಲದೆ ಅಂದಳು: "ಬೀಬಿ ಗೌಹರ್ ನನ್ನನ್ನ ವಾಪಸ್ ಕೊಟ್ರು ಅಮ್ಮಾ. ನೀನು ಕೊಟ್ಟುಬಿಟ್ಟಿದ್ದೆ."

ನೀನು ಅಂದು ಎದ್ದು ಹೋಗದೆ ಇದ್ದಿದ್ದರೆ ನಾನು ಅವಳಿಗೆ ಮದರಂಗಿ ಹಚ್ಚಿ, ಅತ್ತು ಕರೆದು, ಜರಂಜಿನ ಬಸ್ಸು ಹತ್ತಿಸುತ್ತಿದ್ದೆ. ಬೀದಿಯವರು ನನ್ನನ್ನು ಮರ್ಯಾದಸ್ಥ ಹೆಂಗಸು ಎನ್ನುತ್ತಿದ್ದರು, ನಾನೂ ನಂಬುತ್ತಿದ್ದೆ. ಮಾಹ್ತಾಬ್ ಕಾಲೇಜಿಗೆ ಹೋಗುತ್ತಾಳೆ, ಬರುತ್ತಾಳೆ, ಉಪ್ಪು ಸಾಕಾ ಎಂದು ಕೇಳುತ್ತಾಳೆ. ಶುಕ್ರವಾರ ಬೀಬಿ ಗೌಹರ್ ಮನೆಗೆ ಹೋಗಿ ಊಟ ಮಾಡಿ ಬರುತ್ತಾಳೆ. ನನ್ನ ಜೊತೆ ಮಾತಿದೆ, ಮನಸ್ಸಿನ ಮಾತಿಲ್ಲ. ಅವಳು ನಿನ್ನ ಹತ್ತಿರ ಫೋನಿನಲ್ಲಿ ನನ್ನ ಬಗ್ಗೆ ಏನಾದರೂ ಹೇಳಿದರೆ ನನ್ನ ಪರವಾಗಿ ವಾದಿಸಬೇಡ. ಅವಳು ಹೇಳುವುದು ನಿಜ.

ಕೇಳಲು ಹೆದರದ ಬಾಯನ್ನು ದೇವರು ನಿನಗೆ ಕೊಟ್ಟಿದ್ದಾನೆ, ಅದನ್ನು ಯಾವ ಮನೆಯ ಮರ್ಯಾದೆಯೂ ಮುಚ್ಚದಿರಲಿ. ನಿನ್ನ ಹೊಟ್ಟೆಯಲ್ಲಿ ಹೆಣ್ಣು ಹುಟ್ಟಿದರೆ, ಅವಳು ಬೇಡ ಎಂದಾಗ ಮೊದಲು ಎದ್ದು ನಿಲ್ಲುವವಳು ಅವಳ ತಾಯಿಯೇ ಆಗಿರಲಿ. ಚೆನ್ನಾಗಿರು ಮಗಳೇ.

ನಿನ್ನೆದುರು ತಲೆಯೆತ್ತಲಾರದ,
ಖಾಲಾ ಆದಿಲಾ
ಹೆರಾತ್